ಬಯಲುಸೀಮೆಯಲ್ಲಿ ಅಲ್ಪವೆಚ್ಚದ ಹಿತ್ತಲ ಕೈತೋಟ

ಹೊಲ ಗದ್ದೆಗಳ ಬೇಸಾಯಕ್ಕೆ ಕೊಡುವ ಗಮನದಲ್ಲಿ ನೂರರಲ್ಲೊಂದು ಪಾಲನ್ನಾದರೂ ಮನೆಯ ಹಿತ್ತಲಿಗೆ ಕೊಡುವ ರೈತರು ವಿರಳ. ಹತ್ತು ಎಕರೆ ಜಮೀನುಳ್ಳ ಕುಳವೂ ವಾರದ ಸಂತೆಯಲ್ಲಿ ಬಾಡಿದ ಸೊಪ್ಪನ್ನು ಹಣ ಕೊಟ್ಟು ತರುವುದು ಎಲ್ಲ ಊರುಗಳಲ್ಲಿಯೂ ಕಾಣಬರುವ ಸಂಗತಿ. ಹಿತ್ತಲ ಗಿಡ ಮದ್ದಲ್ಲವೆಂಬ ಗಾದೆಯು ಮದ್ದಿಗೆ ಹೇಗೋ ಕಾಯಿಪಲ್ಯಕ್ಕೂ ಹಾಗೆಯೇ ಅನ್ವಯಿಸಿಬಿಟ್ಟಿದೆ.

ಹಾಗೆಂದು ಪ್ರಯತ್ನಗಳೇ ನಡೆದಿಲ್ಲವೆಂದಲ್ಲ. ವರ್ಷ ವರ್ಷವೂ ಮುಂಗಾರಿನ ಮೊದಲ ಮಳೆ ಬಿದ್ದೊಡನೆ ಹಲವರು ಉತ್ಸಾಹದಿಂದ ಒಂದೆರಡು ಗುಂಟೆ ನೆಲವನ್ನು ಅಗೆದು, ಪೇಟೆಯಿಂದ ಬಗೆಬಗೆಯ ಬೀಜದ ಪೊಟ್ಟಣಗಳನ್ನು ತಂದು ಬಿತ್ತುವರು. ದೀಪಾವಳಿಯ ಹೊತ್ತಿಗೆ ಹಿತ್ತಲು ಹಸುರಾಗಿ ಕಂಗೊಳಿಸುವುದು. ಸಂಕ್ರಾಂತಿಗೆ ಎಲೆ ಹಳದಿಗೆ ತಿರುಗುವುದು. ಶಿವರಾತ್ರಿಯ ವೇಳೆಗೆ ಮನೆಯ ಹೆಂಗಸರು ಕೊಡ ಹೊತ್ತು ಸೋತು ಕೈಬಿಡುವರು. ಉಳಿದ ನಾಲ್ಕು ಗಿಡಗಳನ್ನು ನೆರೆಯವರ ಆಡು ಮೇಯ್ದು ಮುಗಿಸುವುದು. ಮರುವರ್ಷ ಆ ಮನೆಯಲ್ಲಿ ಕೈತೋಟದ ಮಾತೆತ್ತಿದರೆ "ಅದೆಲ್ಲಾ ನೀರಿದ್ದವರಿಗೆ" ಎಂಬ ಉತ್ತರ ದೊರೆಯುವುದು.

ಈ ಸೋಲಿಗೆ ಕಾರಣ ಬೀಜವೂ ಅಲ್ಲ, ಮಣ್ಣೂ ಅಲ್ಲ; ಅಳತೆ ತಪ್ಪಿದ್ದೇ ಕಾರಣ. ನೆಲ ಎಷ್ಟಿದೆಯೆಂದು ನೋಡಿ ತೋಟ ಹಾಕಲಾಯಿತೇ ಹೊರತು ಬೇಸಗೆಯಲ್ಲಿ ನೀರು ಎಷ್ಟು ಉಳಿಯುವುದೆಂದು ನೋಡಿ ಹಾಕಲಿಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಹಿರಿಯರ ಮಾತಿನಲ್ಲಿ ಹಾಸಿಗೆಯೆಂದರೆ ಇಲ್ಲಿ ನೀರು. ಶಿವರಾತ್ರಿಗೆ ಒಣಗುವ ಎರಡು ಗುಂಟೆಗಿಂತ ಯುಗಾದಿಯನ್ನು ದಾಟಿ ಬದುಕುವ ಕಾಲು ಗುಂಟೆಯೇ ಲೇಸು. ಈ ಒಂದು ಸೂತ್ರವನ್ನು ಹಿಡಿದು ಹೊರಟರೆ ಖರ್ಚೂ ತಾನಾಗಿಯೇ ತಗ್ಗುವುದು.

ಕೈತೋಟದ ಅಗತ್ಯ

ಎರಡನೆಯ ಮಹಾಯುದ್ಧದ ನಡುವೆ, 1942–43ರ ಸುಮಾರಿನಲ್ಲಿ, ಅಧಿಕ ಆಹಾರ ಬೆಳೆಯಿರೆಂಬ ಚಳವಳಿಯು ಆರಂಭವಾದಾಗ ದೇಶಕ್ಕೆ ಕೊರತೆಯಾಗಿದ್ದುದು ಧಾನ್ಯ. ಇಂದು ಹಳ್ಳಿಯ ಮನೆಗಳಲ್ಲಿ ರಾಗಿ, ಅಕ್ಕಿಗಳಿಗೆ ಅಂತಹ ಅಭಾವವಿಲ್ಲ. ಕೊರತೆಯಿರುವುದು ಸೊಪ್ಪು, ಕಾಯಿ, ಹಣ್ಣುಗಳಲ್ಲಿ. 2019–21ರಲ್ಲಿ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ ಸುಮಾರು 65 ಮಂದಿಗೂ, 15ರಿಂದ 49 ವರ್ಷದ ಸ್ತ್ರೀಯರಲ್ಲಿ ಅರ್ಧದ ಹತ್ತಿರ ಮಂದಿಗೂ ರಕ್ತಹೀನತೆಯುಂಟು. ಇದು ಬಡವರ ಮನೆಯ ಮಾತು ಮಾತ್ರವೆಂದು ಭಾವಿಸಕೂಡದು. ಕಣಜ ತುಂಬಿದ ಮನೆಯ ಮಗುವೂ ಮುದ್ದೆ, ಅನ್ನ, ತಿಳಿಸಾರುಗಳಲ್ಲಿಯೇ ಬೆಳೆಯುತ್ತಿದ್ದರೆ ಅದಕ್ಕೆ ಈ ಕೊರತೆ ತಪ್ಪಿದ್ದಲ್ಲ.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯು ವಯಸ್ಕರು ದಿನಕ್ಕೆ ಸುಮಾರು 100 ಗ್ರಾಂ ಸೊಪ್ಪನ್ನು ತಿನ್ನಬೇಕೆಂದು ಸಲಹೆ ಮಾಡುತ್ತದೆ. ಆರು ಮಂದಿಯ ಮನೆಗೆ ಇದು ದಿನವೊಂದಕ್ಕೆ 600 ಗ್ರಾಂ, ತಿಂಗಳಿಗೆ 18 ಕಿಲೋಗ್ರಾಂ ಆಗುವುದು. ಚೆನ್ನಾಗಿ ಗೊಬ್ಬರ ತಿಂದ ಹರಿವೆಯ ಮಡಿಯು ಒಂದು ಚದರ ಮೀಟರಿಗೆ ನಾಲ್ಕು ವಾರಗಳಲ್ಲಿ ಹೆಚ್ಚುಕಡಿಮೆ ಒಂದು ಕಿಲೋಗ್ರಾಂ ಸೊಪ್ಪನ್ನು ಕೊಡಬಲ್ಲುದು. ನುಗ್ಗೆ ಬಸಳೆಗಳ ನೆರವೂ ಕೂಡಿದರೆ ಕಾಲು ಗುಂಟೆಯಲ್ಲಿ ಮನೆಯ ಸೊಪ್ಪಿನ ಖರ್ಚು ಬಹುಮಟ್ಟಿಗೆ ನೀಗುವುದು. ತರಕಾರಿಯೆಲ್ಲವೂ ಅಷ್ಟರಲ್ಲಿಯೇ ಬಂದೀತೆಂದು ಆಶಿಸುವುದು ಸರಿಯಲ್ಲ. ಮೊದಲು ಸೊಪ್ಪು, ಆಮೇಲೆ ಕಾಯಿ, ಕೊನೆಗೆ ಹಣ್ಣು, ಹೀಗೆ ಗುರಿಯನ್ನು ಗೊತ್ತುಮಾಡಿಕೊಳ್ಳತಕ್ಕದ್ದು.

ಸೊಪ್ಪಿನಲ್ಲಿರುವ ಕಬ್ಬಿಣದ ಅಂಶವು ಶರೀರಕ್ಕೆ ಸುಲಭವಾಗಿ ಹತ್ತುವಂತಹುದಲ್ಲ. ಊಟದಲ್ಲಿ ನಿಂಬೆಯ ಹುಳಿಯೋ ನೆಲ್ಲಿಕಾಯಿಯೋ ಜೊತೆಗಿದ್ದರೆ ಹೆಚ್ಚಾಗಿ ಹತ್ತುವುದು. ಉಂಡೊಡನೆ ಚಹಾ ಕಾಫಿ ಕುಡಿದರೆ ಕಡಮೆಯಾಗುವುದು. ಆದುದರಿಂದ ಹಿತ್ತಲಲ್ಲಿ ಸೊಪ್ಪಿನ ಮಡಿಯ ಜೊತೆಗೆ ಒಂದು ನಿಂಬೆಯ ಗಿಡವೂ ಇರತಕ್ಕದ್ದು.

ನೀರಿನ ಲೆಕ್ಕ

ಒಂದು ಗುಂಟೆಯೆಂದರೆ 33 ಅಡಿ ಉದ್ದ, 33 ಅಡಿ ಅಗಲದ ನೆಲ. ಸುಮಾರು ನೂರು ಚದರ ಮೀಟರು. ಚದರ ಮೀಟರು ನೆಲದ ಮೇಲೆ ಒಂದು ಮಿಲಿಮೀಟರು ನೀರು ನಿಂತರೆ ಅದು ಒಂದು ಲೀಟರು. ಬಿಸಿಲು ಕಾಲದಲ್ಲಿ ಬೆಳೆಯುಳ್ಳ ನೆಲವು ದಿನಕ್ಕೆ ಸುಮಾರು 5 ಮಿಲಿಮೀಟರು ನೀರನ್ನು ಹೀರಿ ಆರಿಸಿಬಿಡುವುದು. ಚೈತ್ರ ವೈಶಾಖಗಳ ಬಿರುಬಿಸಿಲಿನಲ್ಲಿ 6 ಮಿಲಿಮೀಟರನ್ನು ಮೀರುವುದೂ ಉಂಟು. ಎಂದರೆ ಗುಂಟೆಯೊಂದನ್ನು ಪೂರ್ತಿ ಬಿತ್ತಿದವನು ದಿನಕ್ಕೆ 500 ಲೀಟರನ್ನು, 15 ಲೀಟರಿನ ಕೊಡದ ಲೆಕ್ಕದಲ್ಲಿ 33 ಕೊಡಗಳನ್ನು, ಒದಗಿಸಬೇಕಾಗುವುದು. ಇದನ್ನು ದಿನವೂ ಹೊರುವವರು ಯಾರು?

ಇನ್ನು ಮನೆಯಿಂದ ಹೊರಬೀಳುವ ನೀರನ್ನು ಅಳೆಯೋಣ. ಆರು ಮಂದಿ ತಲೆಗೆ ಒಂದು ಕೊಡದಂತೆ ಸ್ನಾನ ಮಾಡಿದರೆ 90 ಲೀಟರು. ಅಕ್ಕಿ ತರಕಾರಿ ತೊಳೆದ, ಪಾತ್ರೆ ಬೆಳಗಿದ ನೀರು 30 ಲೀಟರು. ಒಟ್ಟು 120 ಲೀಟರು, ಎಂದರೆ ಎಂಟು ಕೊಡ. ಈ ಎಂಟು ಕೊಡಗಳು ಯಾವ ಖರ್ಚೂ ಇಲ್ಲದೆ, ಯಾರೂ ಹೊರದೆ, ದಿನವೂ ಹಿತ್ತಲಿಗೆ ತಾವಾಗಿಯೇ ಬರುವುವು. ಕೈತೋಟದ ನಿಜವಾದ ಮೂಲಧನ ಇದೇ. ಬೇಸಗೆಯಲ್ಲಿ ಈ ನೀರು ಎಷ್ಟು ನೆಲಕ್ಕೆ ಸಾಕಾಗುವುದೋ ಅಷ್ಟು ನೆಲವನ್ನು ಮಾತ್ರ ತೋಟವೆಂದು ಬೇಲಿ ಕಟ್ಟತಕ್ಕದ್ದು. ಅದು ಕಾಲು ಗುಂಟೆಯ ಹತ್ತಿರ ಬಂದು ನಿಲ್ಲುವುದು. ಮನೆಯಲ್ಲಿ ಹತ್ತು ಮಂದಿಯಿದ್ದರೆ ತೋಟವೂ ಅಷ್ಟು ಹಿಗ್ಗಬಹುದು; ನಾಲ್ವರೇ ಇದ್ದರೆ ಕುಗ್ಗಿಸುವುದು ಕ್ಷೇಮ.

ತುಮಕೂರು, ಕೋಲಾರದಂತಹ ಬಯಲುಸೀಮೆಯ ಜಿಲ್ಲೆಗಳಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 700 ಮಿಲಿಮೀಟರು. ಅದರಲ್ಲಿಯೂ ದೊಡ್ಡ ಪಾಲು ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳದು. ಆದ್ದರಿಂದ ಮಳೆಗಾಲದ ಹಸುರನ್ನು ಕಂಡು ತೋಟದ ಅಳತೆಯನ್ನು ನಿರ್ಧರಿಸುವವನು ಮೋಸಹೋಗುವುದು ಖಂಡಿತ.

ಸ್ಥಳ ಮತ್ತು ವಿಂಗಡಣೆ

ಬಚ್ಚಲಿನಿಂದ ನೀರು ತಾನಾಗಿ ಹರಿದುಹೋಗುವ ಇಳಿಜಾರಿನ ಕಡೆಗೆ, ದಿನಕ್ಕೆ ಆರು ಗಂಟೆಗಳಾದರೂ ಬಿಸಿಲು ಬೀಳುವಲ್ಲಿ ಸ್ಥಳವನ್ನು ಆರಿಸಬೇಕು. ಹುಣಿಸೆ, ಹೊಂಗೆ ಮುಂತಾದ ದೊಡ್ಡ ಮರಗಳ ಬೇರು ಹಾಯುವ ಸ್ಥಳವು ತರಕಾರಿಗೆ ತಕ್ಕುದಲ್ಲ. ಶೌಚದ ಗುಂಡಿಗೂ ಮಡಿಗಳಿಗೂ ನಡುವೆ ಸಾಕಷ್ಟು ಅಂತರವಿರಬೇಕು. ಶೌಚದ ನೀರು ಯಾವ ಕಾರಣಕ್ಕೂ ತೋಟದ ಕಾಲುವೆಗೆ ಸೇರಕೂಡದು.

ಪೂರ್ವ-ಪಶ್ಚಿಮವಾಗಿ 18 ಅಡಿ, ಉತ್ತರ-ದಕ್ಷಿಣವಾಗಿ 15 ಅಡಿ ಇರುವ ನೆಲವು 270 ಚದರಡಿಯಾಗಿ ಕಾಲು ಗುಂಟೆಗೆ ಸರಿಯಾಗುವುದು. ಇದರ ಉತ್ತರದ ಅಂಚಿನಲ್ಲಿ 3 ಅಡಿ ಅಗಲದ ಪಟ್ಟಿಯನ್ನು ಉದ್ದಕ್ಕೂ ಬಿಟ್ಟು ಅಲ್ಲಿ ಚಪ್ಪರದ ಬಳ್ಳಿಗಳನ್ನು ಹಬ್ಬಿಸಬೇಕು. ಚಳಿಗಾಲದಲ್ಲಿ ಸೂರ್ಯನು ದಕ್ಷಿಣಕ್ಕೆ ವಾಲುವುದರಿಂದ ಎತ್ತರದ ಬಳ್ಳಿಯು ಉತ್ತರದಲ್ಲಿದ್ದರೆ ಮಡಿಗಳ ಮೇಲೆ ನೆರಳು ಬೀಳದು. ಆ ಪಟ್ಟಿಗೂ ಮಡಿಗಳಿಗೂ ನಡುವೆ ಒಂದು ಅಡಿಯ ದಾರಿ. ಉಳಿದುದರಲ್ಲಿ 3 ಅಡಿ ಅಗಲ, 11 ಅಡಿ ಉದ್ದದ ನಾಲ್ಕು ಮಡಿಗಳು, ನಡುನಡುವೆ ಒಂದೂವರೆ ಅಡಿಯ ಓಣಿಗಳು. ಮಡಿಯು 3 ಅಡಿಗಿಂತ ಅಗಲವಾಗಿರಬಾರದೇಕೆಂದರೆ, ಓಣಿಯಲ್ಲಿ ಕುಳಿತವರ ಕೈಯು ಮಡಿಯ ನಡುವಿನವರೆಗೆ ಎಟಕುವಂತಿದ್ದರೆ ಯಾರೂ ಒಳಗೆ ಕಾಲಿಟ್ಟು ಮಣ್ಣನ್ನು ತುಳಿಯುವ ಪ್ರಸಂಗ ಬರುವುದಿಲ್ಲ.

ಹೀಗೆ ವಿಂಗಡಿಸಿದಲ್ಲಿ ಬೆಳೆ ನಿಲ್ಲುವ ನೆಲ 186 ಚದರಡಿ, ಸುಮಾರು 17 ಚದರ ಮೀಟರು. ಅದಕ್ಕೆ ದಿನಕ್ಕೆ ಬೇಕಾಗುವ ನೀರು ಸುಮಾರು ಆರು ಕೊಡ. ಉಳಿದ ಎರಡು ಕೊಡಗಳು ಬೇಲಿಯಂಚಿನ ಹಣ್ಣಿನ ಗಿಡಗಳ ಪಾಲು.

ಬೇಲಿ

ಬೇಲಿಯಿಲ್ಲದೆ ಬೀಜ ಬಿತ್ತುವುದು ಆಡಿಗೆ ಔತಣ ಹೇಳಿದಂತೆ. ಮೊದಲ ವರ್ಷದ ಖರ್ಚೂ ಶ್ರಮವೂ ಹೆಚ್ಚಾಗಿ ಇಲ್ಲಿಯೇ ಬೀಳತಕ್ಕದ್ದು. ಆದರೆ ಕಬ್ಬಿಣದ ತಂತಿ, ಕಲ್ಲುಕಂಬಗಳಿಗೆ ಹಣ ಹಾಕುವ ಅವಶ್ಯಕತೆಯಿಲ್ಲ. ಕಾರೆ, ಜಾಲಿಯ ಮುಳ್ಳುಗಳನ್ನು ಕಡಿದು ತಂದು ಒತ್ತಾಗಿ ನೆಟ್ಟು ಕಟ್ಟಿದರೆ ಎರಡು ವರ್ಷ ಬಾಳುವುದು. ಅಷ್ಟರಲ್ಲಿ ಅದರ ಒಳಬದಿಗೆ ಜೀವಬೇಲಿಯನ್ನು ಎಬ್ಬಿಸಿಕೊಳ್ಳಬೇಕು. ಇದಕ್ಕೆ ಗೊಬ್ಬರದ ಗಿಡವೆಂದು ಹೆಸರಾದ ಗ್ಲಿರಿಸಿಡಿಯಾ ಬಹಳ ಅನುಕೂಲವಾದುದು. ಮೂರು ನಾಲ್ಕು ಅಡಿಯ ಬಲಿತ ಕಡ್ಡಿಗಳನ್ನು ಮೃಗಶಿರಾ ಮಳೆಯಲ್ಲಿ ಅಡಿಗೊಂದರಂತೆ ನೆಟ್ಟರೆ ಬೇರು ಬಿಡುವುವು. ಅದರ ಸೊಪ್ಪಿನಲ್ಲಿ ಸಾರಜನಕ ಹೆಚ್ಚಾಗಿರುವುದರಿಂದ ಮಡಿಗಳಿಗೆ ಹಸುರೆಲೆ ಗೊಬ್ಬರವೂ ದೊರೆಯುವುದು. ಎಳೆಯ ಚಿಗುರಿಗೆ ಆಡು ಬಾಯಿ ಹಾಕುವುದರಿಂದ ಮೊದಲ ವರ್ಷ ಹೊರಗಿನ ಮುಳ್ಳುಬೇಲಿಯನ್ನು ಕೀಳಬಾರದು. ಕೋಳಿಗಳು ನುಸುಳದಂತೆ ಬೇಲಿಯ ಬುಡಕ್ಕೆ ಒಂದೂವರೆ ಅಡಿ ಎತ್ತರ ತೆಂಗಿನ ಗರಿಯನ್ನೋ ತೊಗರಿಕಡ್ಡಿಯನ್ನೋ ಹೆಣೆಯುವುದು ಒಳ್ಳೆಯದು.

ಮಣ್ಣು ಮತ್ತು ಗೊಬ್ಬರ

ಮನೆಯ ಸುತ್ತಲಿನ ನೆಲವು ಸಾಮಾನ್ಯವಾಗಿ ತುಳಿದು ಗಟ್ಟಿಯಾದುದು, ಕಲ್ಲು ಹೆಂಚುಗಳಿಂದ ಕೂಡಿದುದು. ಬೇಸಗೆಯ ಮೊದಲ ಹದಮಳೆಯ ನಂತರ ಒಂದು ಅಡಿ ಆಳಕ್ಕೆ ಹಾರೆ ಗುದ್ದಲಿಗಳಿಂದ ಅಗೆದು ಬಿಸಿಲಿಗೆ ಬಿಡಬೇಕು. ಕೆಂಪು ಮರಳುಮಣ್ಣಾದರೆ ಕೆರೆಗೋಡನ್ನು ಮಡಿಗೆ ನಾಲ್ಕಾರು ಮಂಕರಿಯಂತೆ ಬೆರಸುವುದರಿಂದ ನೀರು ಹಿಡಿದಿಡುವ ಶಕ್ತಿ ಬರುವುದು. ಎರೆಮಣ್ಣಾದರೆ ಮಡಿಯನ್ನು ಅರ್ಧ ಅಡಿ ಎತ್ತರಿಸಿ ನೀರು ಬಸಿಯುವಂತೆ ಮಾಡಬೇಕು.

ಗೊಬ್ಬರದ ವಿಷಯದಲ್ಲಿ ಒಂದು ಮಾತನ್ನು ಜಮೀನುದಾರರ ಗಮನಕ್ಕೆ ತರಬೇಕಾಗಿದೆ. ತಿಪ್ಪೆಯ ಗೊಬ್ಬರವೆಲ್ಲವೂ ಬಂಡಿಗೆ ತುಂಬಿ ಹೊಲಕ್ಕೆ ಹೋಗುವುದೇ ವಾಡಿಕೆ. ತಿಪ್ಪೆಯ ಪಕ್ಕದಲ್ಲಿಯೇ ಇರುವ ಹಿತ್ತಲಿಗೆ ಒಂದು ಮಂಕರಿಯನ್ನೂ ಕೊಡರು. ತರಕಾರಿಗೆ ಎಕರೆಗೆ 10 ಟನ್ನಿನಂತೆ ಲೆಕ್ಕಮಾಡಿದರೂ ಈ ನಾಲ್ಕು ಮಡಿಗಳಿಗೂ ಬಳ್ಳಿಯ ಪಟ್ಟಿಗೂ ಸೇರಿ ಒಂದು ಸಲಕ್ಕೆ ಬೇಕಾಗುವುದು 40ರಿಂದ 45 ಕಿಲೋಗ್ರಾಂ, ಸುಮಾರು ಮೂರು ಮಂಕರಿ ಮಾತ್ರ. ವರ್ಷಕ್ಕೆ ಎರಡು ಸಲ ಹಾಕಿದರೂ ಆರು ಮಂಕರಿ. ಹೊಲದ ಬೆಳೆಗೆ ಈ ಆರು ಮಂಕರಿಯ ಕೊರತೆ ಕಾಣಿಸುವುದೇ ಇಲ್ಲ; ಹಿತ್ತಲಿಗಾದರೋ ಇವೇ ಪ್ರಾಣ. ಗೊಬ್ಬರವು ಚೆನ್ನಾಗಿ ಕಳಿತು ಪುಡಿಯಾಗಿರಬೇಕು. ಹಸಿ ಸಗಣಿಯನ್ನು ಹಾಕಿದರೆ ಗೊಣ್ಣೆಹುಳುಗಳೂ ಗೆದ್ದಲೂ ಹೆಚ್ಚುವುವು.

ಬಚ್ಚಲ ನೀರಿನ ಬಳಕೆ

ಬಚ್ಚಲಿನ ನೀರನ್ನು ಮೊದಲು ಎರಡು ಅಡಿ ಆಳದ ಗುಂಡಿಯಲ್ಲಿ ದಪ್ಪ ಜಲ್ಲಿ, ಅದರ ಮೇಲೆ ಮರಳನ್ನು ತುಂಬಿ ಅದರ ಮೂಲಕ ಹಾಯಿಸುವುದರಿಂದ ಕೊಳೆಯೂ ಜಿಡ್ಡೂ ನಿಲ್ಲುವುವು. ಮೇಲಿನ ಮರಳನ್ನು ಎರಡು ಮೂರು ತಿಂಗಳಿಗೊಮ್ಮೆ ಬದಲಾಯಿಸಬೇಕು. ಅಲ್ಲಿಂದ ಸಣ್ಣ ಕಾಲುವೆಯಲ್ಲಿ ಸರದಿಯಂತೆ ಮಡಿಗೆ ತಿರುಗಿಸಬೇಕು. ಈ ನೀರು ಗಿಡದ ಬುಡಕ್ಕೆ ಹರಿಯಬೇಕೇ ಹೊರತು ಎಲೆಯ ಮೇಲೆ ಬೀಳಕೂಡದು. ಹಸಿಯಾಗಿ ತಿನ್ನುವ ಕೊತ್ತಂಬರಿ, ಮೂಲಂಗಿ, ಸೌತೆಗಳಿಗೆ ಅಕ್ಕಿ ತೊಳೆದ ನೀರು ಅಥವಾ ಶುದ್ಧವಾದ ನೀರನ್ನೇ ಕೊಡತಕ್ಕದ್ದು.

ಬಟ್ಟೆ ಒಗೆದ ಪುಡಿಸಾಬೂನಿನ ನೀರಿನಲ್ಲಿ ಸೋಡಿಯಂ ಕ್ಷಾರವು ಹೆಚ್ಚಾಗಿರುವುದರಿಂದ ಅದು ಮಣ್ಣನ್ನು ಗಟ್ಟಿಮಾಡಿ ಬೇರಿಗೆ ಉಸಿರಾಡದಂತೆ ಮಾಡುವುದು. ಆದಕಾರಣ ಅದನ್ನು ಮಡಿಗಳಿಗೆ ಬಿಡದೆ ಬೇರೆಡೆಗೆ ತಿರುಗಿಸಬೇಕು. ಮಡಿಯ ಮೇಲೆ ಬಿಳಿಯ ಉಪ್ಪು ಕಾಣಿಸಿಕೊಂಡರೆ ಕೆಲವು ದಿನ ಬಚ್ಚಲ ನೀರನ್ನು ನಿಲ್ಲಿಸಿ ಸಿಹಿನೀರನ್ನು ಧಾರಾಳವಾಗಿ ಹಾಯಿಸುವುದು ಪರಿಹಾರ.

ನೀರನ್ನು ಕೊಡುವುದರಷ್ಟೇ ಅದನ್ನು ಆರದಂತೆ ಕಾಯುವುದೂ ಮುಖ್ಯ. ಗಿಡಗಳ ನಡುವೆ ದರಗು, ಕಡಲೆಕಾಯಿಯ ಸಿಪ್ಪೆ, ಅವರೆಯ ಹೊಟ್ಟು ಮುಂತಾದುವನ್ನು ಎರಡು ಅಂಗುಲ ದಪ್ಪಕ್ಕೆ ಹೊದಿಸಿದರೆ ನೆಲ ತಂಪಾಗಿದ್ದು ಕಳೆಯೂ ತಗ್ಗುವುದು. ನೀರನ್ನು ಸಂಜೆಯ ವೇಳೆ ಅಥವಾ ಬೆಳಗಿನ ಜಾವ ಹಾಯಿಸಬೇಕು.

ಬೇಲಿಯಂಚಿನ ಮರಗಿಡಗಳು

ಬಹುಕಾಲ ಫಲ ಕೊಡುವ ನಾಲ್ಕೈದು ಗಿಡಗಳನ್ನು ಮೊದಲ ಮಳೆಗಾಲದಲ್ಲಿಯೇ ನೆಡಬೇಕು. ಇವುಗಳಿಗೆ ಕಾಲ ಬೇಕು, ಹಣ ಬೇಡ.

ನುಗ್ಗೆ: ತೋಳು ದಪ್ಪದ, ಮೂರು ನಾಲ್ಕು ಅಡಿಯ ಕೊಂಬೆಯನ್ನು ಪಶ್ಚಿಮದ ಅಂಚಿನಲ್ಲಿ ನೆಟ್ಟರೆ ಸಾಕು. ಅದರ ತೆಳುನೆರಳು ಬೇಸಗೆಯ ಮಧ್ಯಾಹ್ನದಲ್ಲಿ ಸೊಪ್ಪಿನ ಮಡಿಗೆ ಹಿತಕರ. ಬೇರು ಹಿಡಿದ ಮೇಲೆ ನೀರನ್ನು ಬೇಡದು. ಬೀಜದಿಂದ ಬೆಳೆಸುವುದಾದರೆ ತಮಿಳುನಾಡಿನ ಪೆರಿಯಕುಲಂನಲ್ಲಿ ತಯಾರಾದ ಪಿ.ಕೆ.ಎಂ.-1 ತಳಿಯು ಬೇಗ ಫಲಕ್ಕೆ ಬರುವುದು. ಕಾಯಿ ಮುಗಿದೊಡನೆ ನೆಲದಿಂದ ಮೂರಡಿಗೆ ಸವರಿದರೆ ಸೊಪ್ಪು ಕೈಗೆ ಎಟಕುವಂತೆ ಚಿಗುರುವುದು. ಸವರಿದ ಕೊಂಬೆಗಳು ನೆರೆಯವರಿಗೆ ನೆಡಲು ಆಗುವುವು. ಮಳೆಗಾಲದಲ್ಲಿ ಕಂಬಳಿಹುಳುಗಳು ಬೊಡ್ಡೆಯ ಮೇಲೆ ಗುಂಪಾಗಿ ಕೂಡುವ ಸ್ವಭಾವವುಳ್ಳವಾದ್ದರಿಂದ ಆಗಲೇ ಅವುಗಳನ್ನು ಸಾಬೂನಿನ ನೀರೆರಚಿ ಕೆರೆದು ನಾಶಪಡಿಸಬೇಕು. ಈ ಹುಳುವಿನ ಭಯದಿಂದ ನುಗ್ಗೆಯನ್ನೇ ಬೇಡವೆನ್ನುವುದು ತಿಳಿವಳಿಕೆಯ ಮಾತಲ್ಲ.

ಪರಂಗಿ: ಒಂಬತ್ತು ಹತ್ತು ತಿಂಗಳಲ್ಲಿ ಹಣ್ಣು ಕೊಡುವುದು. ನಾಟಿಯ ಬೀಜದಲ್ಲಿ ಗಂಡುಗಿಡಗಳು ಹುಟ್ಟುವುದರಿಂದ ಗುಂಡಿಗೆ ಮೂರು ಸಸಿ ನೆಟ್ಟು ಹೂ ಬಂದ ಮೇಲೆ ಗಂಡನ್ನು ತೆಗೆಯಬೇಕು. ಕೊಡಗಿನ ಚೆಟ್ಟಳ್ಳಿಯಲ್ಲಿ ಆಯ್ದು ಬೆಳೆಸಿದ ಕೂರ್ಗ್ ಹನಿ ಡ್ಯೂ ತಳಿಯಲ್ಲಿ ಬರಿಯ ಗಂಡುಗಿಡಗಳು ಇಲ್ಲದ ಕಾರಣ ಸ್ಥಳ ವ್ಯರ್ಥವಾಗದು. ಬುಡದಲ್ಲಿ ನೀರು ನಿಂತರೆ ಪರಂಗಿಯು ಕೊಳೆತು ಬೀಳುವುದು.

ಬಾಳೆ: ಬಚ್ಚಲ ನೀರು ಮೊದಲು ಮುಟ್ಟುವಲ್ಲಿ ಒಂದೇ ಬುಡ. ಹೆಚ್ಚು ಬುಡ ಹಾಕಿದರೆ ತೋಟದ ನೀರನ್ನೆಲ್ಲ ಅದೇ ಕುಡಿಯುವುದು. ತಾಯಿಗಿಡಕ್ಕೆ ಒಂದು ಮರಿಯನ್ನು ಮಾತ್ರ ಉಳಿಸಿ ಉಳಿದುವನ್ನು ಕಿತ್ತುಹಾಕಬೇಕು.

ನಿಂಬೆ, ಕರಿಬೇವು: ನಿಂಬೆಗೆ ಎರಡು ಅಡಿಯ ಗುಂಡಿ ತೋಡಿ ಗೊಬ್ಬರ ತುಂಬಿ ನೆಡಬೇಕು, ಫಲಕ್ಕೆ ಮೂರು ನಾಲ್ಕು ವರ್ಷ ಕಾಯಬೇಕಾಗುವುದರಿಂದ ಇದನ್ನು ಮುಂದೂಡದಿರುವುದೇ ಜಾಣತನ. ಕರಿಬೇವು ಮೂಲೆಯಲ್ಲೊಂದು ಸಾಕು.

ಬಿತ್ತನೆಯ ಕಾಲಕ್ರಮ

ರೋಹಿಣಿ, ಮೃಗಶಿರಾ ಮಳೆಗಳಲ್ಲಿ ಉತ್ತರದ ಪಟ್ಟಿಗೆ ಹೀರೆ, ಪಡವಲ, ಸೋರೆಗಳಲ್ಲಿ ಎರಡು ಬಗೆಯನ್ನು ಊರಬೇಕು. ಮಡಿಗಳಿಗೆ ಬೆಂಡೆ, ಬದನೆ, ದಂಟು, ಹರಿವೆ. ಬೆಂಡೆಯಲ್ಲಿ ಎಲೆಯ ನರಗಳು ಹಳದಿಯಾಗುವ ನಂಜುರೋಗವು ಬಿಳಿನೊಣದಿಂದ ಹರಡುವುದಾಗಿದ್ದು, ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಅನಾಮಿಕಾ ತಳಿಯನ್ನು ಆ ರೋಗವನ್ನು ತಡೆದುಕೊಳ್ಳುವಂತೆ ಬೆಳೆಸಲಾಗಿದೆ. ಬಳ್ಳಿಗಳಲ್ಲಿ ಮೊದಲು ಬರುವ ಹೂಗಳು ಗಂಡುಹೂಗಳು; ಅವು ಉದುರುವುದನ್ನು ಕಂಡು ರೋಗವೆಂದು ಗಾಬರಿಯಾಗಬೇಕಾಗಿಲ್ಲ.

ಪುಷ್ಯ, ಆಶ್ಲೇಷಾ ಮಳೆಗಳಲ್ಲಿ ಬೇಲಿಯ ಉದ್ದಕ್ಕೂ ಅವರೆಯನ್ನು ಊರಿದರೆ ಹಗಲು ಕುಗ್ಗುತ್ತ ಬಂದಂತೆ ಹೂ ತಳೆದು ಧನುರ್ಮಾಸದಲ್ಲಿ ಸೊಗಡಿನ ಕಾಯಿ ಕೊಡುವುದು. ನಾಟಿ ಅವರೆಯು ಹಗಲು ದೀರ್ಘವಾಗಿರುವ ಕಾಲದಲ್ಲಿ ಹೂ ಬಿಡದು. ಹಗಲಿನ ಅಳತೆಯನ್ನು ಲೆಕ್ಕಿಸದೆ ಎಲ್ಲ ಕಾಲದಲ್ಲಿಯೂ ಕಾಯಿ ಬಿಡುವ ಗಿಡ್ಡ ಅವರೆಯು ಬೇಕಾದವರು ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಹೆಬ್ಬಾಳ ಅವರೆಯ ತಳಿಗಳನ್ನು ಉಪಯೋಗಿಸಬಹುದು.

ಉತ್ತರೆ, ಹಸ್ತ ಮಳೆಗಳಲ್ಲಿ ಟೊಮೇಟೋ, ಮೆಣಸಿನಕಾಯಿಗಳ ಸಸಿಗಳನ್ನು ನೆಟ್ಟು, ಮೂಲಂಗಿ, ಮೆಂತ್ಯ, ಕೊತ್ತಂಬರಿಗಳನ್ನು ಬಿತ್ತಬೇಕು. ಒಂದೇ ಜಾತಿಯ ಗಿಡವು ಒಂದೇ ಮಡಿಯಲ್ಲಿ ಎರಡು ಸಲ ಬರದಂತೆ ನೋಡಿಕೊಳ್ಳತಕ್ಕದ್ದು. ಬದನೆ, ಟೊಮೇಟೋ, ಮೆಣಸಿನಕಾಯಿಗಳು ಒಂದೇ ಕುಲದವಾದ್ದರಿಂದ ಅವುಗಳ ರೋಗಗಳೂ ಒಂದೇ.

ಇನ್ನು ಬೇಸಗೆ. ಎಲ್ಲ ತೋಟಗಳ ಪರೀಕ್ಷೆಯಾಗುವುದು ಈ ಕಾಲದಲ್ಲಿ. ಮಾಘಮಾಸ ಕಳೆಯುತ್ತಿದ್ದಂತೆ ನಾಲ್ಕು ಮಡಿಗಳಲ್ಲಿ ಎರಡನ್ನು ಬರಿದುಮಾಡಿ, ದರಗನ್ನು ಹೊದಿಸಿ, ಬಿಟ್ಟುಬಿಡಬೇಕು. ಬಚ್ಚಲಿಗೆ ಹತ್ತಿರದ ಎರಡರಲ್ಲಿ ಹರಿವೆ, ದಂಟು, ಗೋರಿಕಾಯಿಗಳೂ, ಚಪ್ಪರದ ಪಟ್ಟಿಯಲ್ಲಿ ಬಸಳೆಯೂ ಸಾಕು. ಹರಿವೆಯನ್ನು ಒಂದೇ ಸಲಕ್ಕೆ ಬಿತ್ತದೆ ವಾರಕ್ಕೊಂದು ತುಂಡಿನಂತೆ ಬಿತ್ತುತ್ತ ಬಂದರೆ ವಾರವೂ ಸೊಪ್ಪು ತಪ್ಪದು. ಈ ಕುಗ್ಗಿಸುವ ಕಾರ್ಯವನ್ನು ಸೋಲೆಂದು ತಿಳಿಯಕೂಡದು. ಸಂತೆಯಲ್ಲಿ ಸೊಪ್ಪಿನ ಬೆಲೆ ಏರಿರುವಾಗ ಎರಡು ಮಡಿಯನ್ನು ಹಸುರಾಗಿ ಉಳಿಸಿಕೊಂಡವನೇ ತೋಟಗಾರ.

ಕೀಟ ನಿವಾರಣೆ

ಮನೆಯ ಮಕ್ಕಳು ಕಿತ್ತು ತಿನ್ನುವ ಗಿಡಗಳಿಗೆ ಹೊಲದ ವಿಷದ ಔಷಧಿಯನ್ನು ಚಿಮುಕಿಸುವುದು ಸಲ್ಲದು. ಲೀಟರು ನೀರಿಗೆ 50 ಗ್ರಾಂ ಬೇವಿನ ಬೀಜದ ತಿರುಳಿನ ಪುಡಿಯನ್ನು ರಾತ್ರಿ ನೆನೆಯಿಟ್ಟು, ಬೆಳಗ್ಗೆ ಸೋಸಿ, ಚೂರು ಸಾಬೂನು ಬೆರಸಿ ಅದೇ ದಿನ ಸಂಜೆ ಸಿಂಪಡಿಸಿದರೆ ಸಸ್ಯಹೇನು, ಎಳೆಯ ಹುಳುಗಳು ಹತೋಟಿಗೆ ಬರುವುವು. ಬೆಳಗಿನಲ್ಲಿ ಸಿಂಪಡಿಸಿದರೆ ಹೂವಿಗೆ ಬರುವ ಜೇನುನೊಣಕ್ಕೆ ತೊಂದರೆಯಾಗಿ ಬಳ್ಳಿಯಲ್ಲಿ ಕಾಯಿ ಕಟ್ಟುವುದು ತಗ್ಗುವುದು. ಹೀರೆ, ಪಡವಲಗಳ ಎಳೆಯ ಕಾಯಿಯನ್ನು ನೊಣ ಚುಚ್ಚಿ ಕೊಳೆಸುವುದಾದರೆ ಬಿದ್ದ ಕಾಯಿಗಳನ್ನು ಆಯ್ದು ಆಳವಾಗಿ ಹೂಳಬೇಕು. ಉಳಿದ ಕಾಯಿಗಳಿಗೆ ಕಾಗದದ ಚೀಲ ತೊಡಿಸಬಹುದು. ಮಡಿಗಳ ಅಂಚಿಗೆ ಚೆಂಡುಹೂವನ್ನು ಬೆಳೆಸುವುದರಿಂದ ಬೇರುಗಂಟಿನ ಜಂತುಗಳು ತಗ್ಗುವುವು; ಟೊಮೇಟೋ ಕಾಯಿಕೊರಕದ ಚಿಟ್ಟೆಯೂ ಆ ಹೂವಿನ ಕಡೆಗೆ ಸೆಳೆಯಲ್ಪಡುವುದು.

ಬೀಜದ ಸಂಗ್ರಹ

ಪ್ರತಿವರ್ಷವೂ ಪೊಟ್ಟಣಗಳಿಗೆ ಹಣ ತೆರುವ ಅಗತ್ಯವಿಲ್ಲ. ಅವರೆ, ಟೊಮೇಟೋಗಳು ಹೆಚ್ಚಾಗಿ ತಮ್ಮ ಹೂವಿನಲ್ಲಿಯೇ ಪರಾಗ ಪಡೆಯುವುದರಿಂದ ಅವುಗಳ ಬೀಜವನ್ನು ಧಾರಾಳವಾಗಿ ಕೂಡಿಡಬಹುದು. ಹೀರೆ, ಸೋರೆ ಮುಂತಾದುವುಗಳಲ್ಲಿ ಒಂದೇ ಜಾತಿಯ ಎರಡು ತಳಿಗಳು ಹತ್ತಿರವಿದ್ದರೆ ಬೆರಕೆಯಾಗುವುವು. ಆದ್ದರಿಂದ ಬೀಜಕ್ಕೆಂದು ಬೆಳೆಸುವಾಗ ಒಂದೇ ತಳಿಯಿರಬೇಕು. ಮಿಶ್ರತಳಿಯೆಂದು ಮಾರುವ ಬೀಜದ ಬೆಳೆಯಿಂದ ಮತ್ತೆ ಬೀಜ ಹಿಡಿದರೆ ಮೊದಲಿನ ಗುಣ ಬಾರದು. ಬಲವಾದ ಗಿಡದ ನಡುಗಾಲದ ಕಾಯಿಯನ್ನು ಬೀಜಕ್ಕೆ ಗುರುತಿಟ್ಟು, ನೆರಳಿನಲ್ಲಿ ಒಣಗಿಸಿ, ಬೂದಿ ಬೆರಸಿ, ಮಡಕೆಯಲ್ಲಿ ಬಾಯಿ ಕಟ್ಟಿಡುವ ಹಳೆಯ ಪದ್ಧತಿಯು ಇಂದಿಗೂ ಯೋಗ್ಯವಾದುದೇ.

ಖರ್ಚಿನ ಕ್ರಮ

ಕೈತೋಟದಲ್ಲಿ ಹಣ ವ್ಯರ್ಥವಾಗುವುದು ಹೆಚ್ಚು ಖರ್ಚು ಮಾಡುವುದರಿಂದಲ್ಲ, ಹಿಂದುಮುಂದಾಗಿ ಖರ್ಚು ಮಾಡುವುದರಿಂದ. ಮೊದಲು ಬೇಲಿ, ಆಮೇಲೆ ಗೊಬ್ಬರ ಮತ್ತು ಕಾಲುವೆ, ಆಮೇಲೆ ಮರಗಿಡಗಳು, ಎಲ್ಲಕ್ಕೂ ಕೊನೆಯಲ್ಲಿ ತರಕಾರಿಯ ಬೀಜ. ಈ ಕ್ರಮದಲ್ಲಿ ಮೊದಲಿನ ಎರಡಕ್ಕೆ ಬೇಕಾದುದು ಬಹುತೇಕ ಮೈಗೆಲಸ. ಹಣ ಕೊಟ್ಟು ತರಬೇಕಾದುವು ನಿಂಬೆ, ಪರಂಗಿಗಳ ಸಸಿ, ನಾಲ್ಕೈದು ಬಗೆಯ ಬೀಜ, ಬಚ್ಚಲ ಗುಂಡಿಗೆ ಜಲ್ಲಿ ಮಾತ್ರ. ಗುದ್ದಲಿ, ಕುಡುಗೋಲು, ಮಂಕರಿಗಳು ರೈತನ ಮನೆಯಲ್ಲಿ ಇದ್ದೇ ಇರುವುವು. ನೀರು ಚಿಮುಕಿಸಲು ತಳಕ್ಕೆ ಸಣ್ಣ ತೂತುಗಳನ್ನು ಕೊರೆದ ಹಳೆಯ ಡಬ್ಬಿ ಸಾಕು. ಕೊಳವೆ, ಮೋಟಾರು, ಹೆಸರು ತಿಳಿಯದ ಟಾನಿಕ್ಕುಗಳಿಗೆ ಮೊದಲ ವರ್ಷವೇ ಕೈಹಾಕಕೂಡದು. ಸಸಿ, ಬೀಜಗಳ ವಿಷಯದಲ್ಲಿ ತಾಲ್ಲೂಕಿನ ತೋಟಗಾರಿಕೆ ಕಛೇರಿಯಲ್ಲಿ, ರೈತ ಸಂಪರ್ಕ ಕೇಂದ್ರದಲ್ಲಿ ಅಥವಾ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ ತರುವುದು ಕ್ಷೇಮಕರ.

ಗ್ರಾಮದ ಹಿರಿಯರ ಕರ್ತವ್ಯ

ಊರಿನ ಮುಖಂಡರು, ಜಮೀನುದಾರರು ಇದನ್ನು ಹೆಂಗಸರ ಕೆಲಸವೆಂದು ಕಡೆಗಣಿಸದೆ ಮೊದಲು ತಮ್ಮ ಹಿತ್ತಲಿನಲ್ಲಿ ಮಾಡಿ ತೋರಿಸತಕ್ಕದ್ದು. ಹತ್ತು ಉಪನ್ಯಾಸಗಳು ಮಾಡಲಾರದ ಕೆಲಸವನ್ನು ವೈಶಾಖದಲ್ಲಿ ಹಸುರಾಗಿರುವ ಎರಡು ಮಡಿಗಳು ಮಾಡುವುವು. ತೋಟದ ನಿತ್ಯದ ಆರೈಕೆ ಮನೆಯ ಹೆಂಗಸರದಾಗಿರುವಾಗ, ಏನನ್ನು ಬಿತ್ತಬೇಕು, ನೀರು ಎಲ್ಲಿಗೆ ಸಾಕಾಗುವುದು ಎಂಬ ವಿಷಯದಲ್ಲಿಯೂ ಅವರ ಮಾತಿಗೆ ಬೆಲೆ ಕೊಡಬೇಕು. ತಿಪ್ಪೆಯ ಗೊಬ್ಬರದಲ್ಲಿ ಅವರಿಗೆ ಪಾಲಿರಬೇಕು.

ಎಲ್ಲ ಮನೆಗಳಿಗೂ ಹಿತ್ತಲಿಲ್ಲ. ಕೂಲಿಯವರ ಕೇರಿಯಲ್ಲಿ ಗೋಡೆಗೆ ಗೋಡೆ ತಾಗಿದ ಮನೆಗಳೇ ಹೆಚ್ಚು. ರಕ್ತಹೀನತೆಯ ಬಾಧೆಯನ್ನು ತಡೆದುಕೊಳ್ಳುವ ಶಕ್ತಿಯೂ ಅಲ್ಲಿಯೇ ಕಡಮೆ. ಅಂತಹ ಮನೆಯ ಬಾಗಿಲ ಮುಂದೆ ಒಂದು ನುಗ್ಗೆ, ಬಚ್ಚಲ ಮಗ್ಗುಲಲ್ಲಿ ಒಂದು ಬಸಳೆ ಬಳ್ಳಿ ಇರಲು ಅಡಿಯಷ್ಟು ನೆಲ ಸಾಲದೇ? ಒಂದು ದೊಡ್ಡ ನುಗ್ಗೆಯ ಮರವನ್ನು ಸವರಿದಾಗ ಇಪ್ಪತ್ತು ಮನೆಗಳಿಗೆ ಆಗುವಷ್ಟು ಕೊಂಬೆಗಳು ದೊರೆಯುವುವು. ಅವನ್ನು ಒಲೆಗೆ ಹಾಕದೆ ಮೃಗಶಿರಾ ಮಳೆಯ ದಿನ ಕೇರಿಗೆ ಕಳುಹಿಸಿಕೊಡುವುದು ದೊಡ್ಡವರ ಮನೆಗೆ ಶೋಭಿಸುವ ದಾನ.

2019ರಲ್ಲಿ ಆರಂಭವಾದ ಜಲಜೀವನ ಯೋಜನೆಯಿಂದ ಹಲವು ಹಳ್ಳಿಗಳಲ್ಲಿ ಮನೆಬಾಗಿಲಿಗೆ ನಲ್ಲಿ ಬಂದಿದೆ. ನೀರು ಒಳಗೆ ಬಂದಷ್ಟೂ ಹೊರಗೆ ಹರಿಯುವುದೂ ಹೆಚ್ಚಾಗಿ, ಬೀದಿಯಲ್ಲಿ ಕೊಚ್ಚೆಯಾಗಿ ನಿಂತು ಸೊಳ್ಳೆಗೆ ತವರಾಗುತ್ತಿದೆ. ಶಾಲೆಯ ಬಿಸಿಯೂಟದ ಅಡಿಗೆಮನೆ, ಅಂಗನವಾಡಿ, ನೀರಿನ ತೊಂಬೆಗಳ ಬಳಿ ಹರಿಯುವ ನೀರಿಗೆ ನಾಲ್ಕು ಮಡಿ ಮಾಡಿಸಿ ಬೇಲಿ ಕಟ್ಟಿಸಿದರೆ ಕೊಚ್ಚೆಯೂ ತಪ್ಪುವುದು, ಮಕ್ಕಳ ಸಾರಿಗೆ ಸೊಪ್ಪೂ ಬೀಳುವುದು. ಬಿಡಾಡಿ ದನ, ಆಡುಗಳ ವಿಷಯದಲ್ಲಿ ಊರೊಟ್ಟಿನ ಕಟ್ಟುಪಾಡೊಂದನ್ನು ಮಾಡಿ, ತಮ್ಮ ಮನೆಯ ದನಕ್ಕೂ ಅದು ಸಲ್ಲುವಂತೆ ಹಿರಿಯರು ನಡೆದುಕೊಂಡರೆ ಬೇಲಿಯ ಜಗಳಗಳು ಅರ್ಧಕ್ಕೆ ಇಳಿಯುವುವು.

ಈ ಕಾರ್ಯಕ್ಕೆ ಸಹಾಯಧನ ಬರಲಿ ಎಂದು ಕಾಯಬೇಕಾದುದಿಲ್ಲ. ಮನೆಯಿಂದ ದಿನಕ್ಕೆ ಎಷ್ಟು ಕೊಡ ನೀರು ಹೊರಗೆ ಹರಿಯುವುದೆಂದು ಒಂದು ವಾರ ಎಣಿಸಿ ನೋಡುವುದೇ ಮೊದಲನೆಯ ಕೆಲಸ. ಆ ಎಣಿಕೆಗೆ ಸರಿಯಾಗಿ ಹಗ್ಗ ಹಿಡಿದು ನೆಲವನ್ನು ಅಳೆದು, ಮುಂದಿನ ರೋಹಿಣಿಯೊಳಗೆ ಬೇಲಿಯನ್ನು ಮುಗಿಸಿಕೊಂಡವರ ಮನೆಯಲ್ಲಿ ಮರುವರ್ಷದ ಯುಗಾದಿಗೆ ಸೊಪ್ಪಿನ ಸಾರು ತಪ್ಪದು.